ವಾಪಸ್ ಕೊಟ್ಟರೆ ಫೇಲು

ನಮ್ಮಕ್ಕನ ಬಗ್ಗೆ ಬರೆದುಕೊಡಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಬಹುಶಃ ಬರೆಯುತ್ತಲೂ ಇರಲಿಲ್ಲ. ಹುಟ್ಟಿದಾಗಿನಿಂದ ಅವಳು ಹೇಳಿದ್ದನ್ನೇ ಮಾಡಿಕೊಂಡು ಬಂದಿರುವ ನನಗೆ, ಯಾರೂ ಹೇಳದ ಕೆಲಸ ಒಂದನ್ನಾದರೂ ಮಾಡಬೇಕು ಅನ್ನಿಸಿತು, ಅಷ್ಟೇ. ಆಟಿಕೆ ವ್ಯಾಪಾರಿಗಳ ಸಂಘದ ಸಭೆಗೆ ಅವಳು ಕಾಲಿಟ್ಟರೆ ದೊಡ್ಡ ದೊಡ್ಡವರು ಎದ್ದು ನಿಲ್ಲುತ್ತಾರೆ. ನಿಲ್ಲಲಿ ಪಾಪ. ಅವರು ಯಾರೂ ಅವಳ ತಮ್ಮನಾಗಿ ಹುಟ್ಟಿದವರಲ್ಲ.

ನಮ್ಮದು ತಗಡಿನ ಆಟಿಕೆಗಳ ಕಂಪನಿ. ಕೀಲಿ ಕೊಟ್ಟರೆ ನೆಲ ಕುಕ್ಕುವ ಕೋಳಿ, ಪಲ್ಟಿ ಹೊಡೆಯುವ ಕೋತಿ, ಸೊಂಡಿಲು ಎತ್ತಿ ಇಳಿಸುತ್ತ ನಡೆಯುವ ಆನೆ. ನಿಮ್ಮ ಮನೆಯ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಲ್ಲಿ ಹುಡುಕಿದರೆ ನಮ್ಮ ಕೋಳಿಯೊಂದು ಸಿಕ್ಕರೂ ಸಿಕ್ಕೀತು. ಕಾರ್ಖಾನೆ ಎಂದ ಕೂಡಲೇ ಹೊಗೆಗೂಡು, ಸೈರನ್ನು ಅಂತೆಲ್ಲ ಊಹಿಸಿಕೊಳ್ಳಬೇಡಿ. ಒಂದು ಹಳೆಯ ಮಹಡಿ ಕಟ್ಟಡ. ಕೆಳಗೆ ತಗಡು ಒತ್ತುವ ಪ್ರೆಸ್ಸುಗಳ ದಢದಢ, ಮೇಲೆ ಸ್ಪ್ರಿಂಗು ಕೂರಿಸುವವರು ಮತ್ತು ಬಣ್ಣ ಹಚ್ಚುವವರು, ಹಿಂದುಗಡೆ ಗೋಡೌನು. ಗೋಡೌನು ನನ್ನ ರಾಜ್ಯ. ಪ್ಯಾಕಿಂಗು, ಲಾರಿ, ಡ್ರೈವರುಗಳ ಜೊತೆ ಜಗಳ, ಎಲ್ಲ ನನ್ನ ಪಾಲು. ಕೂದಲೆಲ್ಲ ಬೆಳ್ಳಗಾದರೂ ಕೆಲಸದವರ ಬಾಯಲ್ಲಿ ನಾನು ಇನ್ನೂ 'ಚಿಕ್ಕ ಯಜಮಾನ್ರು'. ದೊಡ್ಡ ಯಜಮಾನರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಅಪ್ಪ ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರು. ಮಾರುಕಟ್ಟೆ ಬೀದಿಯ ತಿರುವಿನಲ್ಲಿ, ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕಾದಂಥ ಅಂಗಡಿ. ಒಂದು ದಿನ ಗಿರಾಕಿಯೊಬ್ಬರ ಮಗು ರಚ್ಚೆ ಹಿಡಿದು ಅಳುತ್ತಿತ್ತು. ಆ ಅಳು ತಾಳಲಾರದೆ ಅಪ್ಪ ಕೆಟ್ಟುಹೋದ ಅಲಾರಂ ಗಡಿಯಾರದ ಸ್ಪ್ರಿಂಗು ತೆಗೆದು, ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಬಗ್ಗಿಸಿ, ಕೋಳಿಯಂಥದ್ದೇನೋ ಒಂದನ್ನು ಮಾಡಿ ಕೊಟ್ಟರು. ಅದು ಟಕಟಕ ನೆಲ ಕುಕ್ಕಿತು. ಮಗು ಗಪ್‌ಚಿಪ್. ಗಡಿಯಾರ ರಿಪೇರಿಯಾದ ಮೇಲೆ ಅಪ್ಪ ಕೋಳಿ ವಾಪಸ್ ಕೇಳಿದರು, ಕೊಡಲಿಲ್ಲ. ಹೆತ್ತ ತಾಯಿ ಕೇಳಿದರು, ಕೊಡಲಿಲ್ಲ. ಕೊನೆಗೆ ಅಂಗಡಿಯ ಮೂಲೆಯಲ್ಲಿ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದ ನಮ್ಮಕ್ಕ ಎದ್ದು ಬಂದು ಕೈಚಾಚಿ, "ಸಾಕು, ಈಗ ಕೊಡು" ಅಂದಳು.

ಅಕ್ಕನ ಮುಖ ಆಗಲೂ ಈಗಿನ ಹಾಗೇ. ಮನಸ್ಸಿನಲ್ಲಿ ಏನಿದ್ದರೂ ಮುಖದಲ್ಲಿ ಮಾತ್ರ ಪರೀಕ್ಷೆ ಹಾಲಿನ ಟೀಚರು. ಆ ಮುಖ ನೋಡಿದರೆ ನಾನು ಬಾಯಲ್ಲಿದ್ದ ಮಿಠಾಯಿಯನ್ನೂ ಉಗುಳಿ ಕೊಟ್ಟುಬಿಡುತ್ತಿದ್ದೆ. ಆ ಮಗು ಕೊಡಲಿಲ್ಲ. ಕೋಳಿಯನ್ನು ಅಂಗಿಯೊಳಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತುಬಿಟ್ಟಿತು. ಅಪ್ಪನಿಗೆ ಅದೇನು ಖುಷಿಯಾಯಿತೋ, ಗೋಡೆಗೆ ನೇತುಹಾಕಿದ್ದ ಹಿತ್ತಾಳೆ ಗಂಟೆಯ ಹಗ್ಗ ಹಿಡಿದು ಢಣ್ ಅಂತ ಬಾರಿಸಿದರು. ನಮ್ಮ ಕಂಪನಿ ಹುಟ್ಟಿದ್ದು ಹಾಗೆ.

ಅವತ್ತಿನ ಆ ಪ್ರಸಂಗವೇ ಮುಂದೆ ನಮ್ಮ ಕಾನೂನಾಯಿತು. ಯಾವ ಹೊಸ ಆಟಿಕೆ ಮಾಡಿದರೂ ಮೊದಲು ಒಂದು ಮಗುವಿನ ಕೈಗೆ ಕೊಡಬೇಕು. ಮನಸಾರೆ ಆಡಲು ಬಿಡಬೇಕು. ಆಮೇಲೆ ಅಕ್ಕ ಹೋಗಿ ಕೈಚಾಚಿ, "ಸಾಕು, ಈಗ ಕೊಡು" ಅನ್ನಬೇಕು. ಮಗು ಕೊಟ್ಟುಬಿಟ್ಟರೆ ಆಟಿಕೆ ಫೇಲು. ಕೊಡದೆ ಹಟ ಮಾಡಿದರೆ ಪಾಸು, ಗಂಟೆ ಬಾರಿಸುವುದು. ಮೇಲಿನ ಮಹಡಿಯವರು, ಪ್ರೆಸ್ಸಿನವರು, ಗೋಡೌನಿನವರು ಎಲ್ಲರೂ ಕೆಲಸ ಬಿಟ್ಟು ಒಂದು ಸಲ 'ಹೋ' ಅನ್ನುವುದು. ಇದನ್ನು ಬಿಟ್ಟರೆ ನಮ್ಮಲ್ಲಿ ಬೇರೆ ಮಾರ್ಕೆಟ್ ಸಂಶೋಧನೆ ಇಲ್ಲ.

ಇದಕ್ಕೆಂದೇ ಮೆಟ್ಟಿಲ ಕೆಳಗೆ ಒಂದು ಆಟದ ಕೋಣೆ ಇದೆ. ನೆಲಕ್ಕೆ ಕೆಂಪು ಚಾಪೆ, ಒಂದು ಕಡೆ ಗಾಜಿನ ಕಿಟಕಿ, ಬಾಗಿಲ ಪಕ್ಕ ಹೊರಗೋಡೆಗೆ ಅಪ್ಪನ ಹಳೆಯ ಗಂಟೆ. ಕಿಟಕಿಯ ಹೊರಗೆ ಒಂದು ಬೆಂಚು. ಮಗುವನ್ನು ಕರೆದುಕೊಂಡು ಬಂದವರು ಆ ಬೆಂಚಿನ ಮೇಲೆ ತುಟಿ ಪಿಟಕ್ ಎನ್ನದೆ ಕೂರಬೇಕು. ಕಣ್ಸನ್ನೆ, ಕೈಸನ್ನೆ, ಕೆಮ್ಮು, ಯಾವುದೂ ನಡೆಯುವುದಿಲ್ಲ. ಯಾಕೆಂದರೆ ಮಕ್ಕಳಿಗೆ ಕೊಡಲು ಬರದಿದ್ದರೂ ದೊಡ್ಡವರಿಗೆ ಕೊಡಿಸುವ ಚಟ. "ಆಂಟಿ ಕೇಳ್ತಿದಾರೆ ಕೊಡು ಚಿನ್ನಾ, ಜಾಣ ಅಲ್ವಾ" ಅಂದರೆ ಮುಗಿಯಿತು, ಟೆಸ್ಟ್ ಕೆಟ್ಟಿತು. ಆ ಬೆಂಚಿಗೆ ನಾವು ಇಟ್ಟ ಹೆಸರು ಬಾಯಿಬೀಗದ ಬೆಂಚು.

ಈ ಕಾನೂನು ನಮಗೆ ಕಲಿಸಿದ್ದಕ್ಕೆ ಲೆಕ್ಕವಿಲ್ಲ. ಒಮ್ಮೆ ನಾನೇ ಹೇಳಿ ಒಂದು ಕಪ್ಪೆ ಮಾಡಿಸಿದ್ದೆ. ಹಾರಿ, ಕಣ್ಣು ಮಿಟುಕಿಸಿ, ನಾಲಿಗೆ ಚಾಚುತ್ತಿತ್ತು. ದೊಡ್ಡವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅಕ್ಕ ಕೈಚಾಚುವ ಮೊದಲೇ ಮಗು ಎದ್ದು ಬಂದು, "ತಗೊಳ್ಳಿ, ಆಯ್ತು" ಅಂತ ಅವಳ ಮಡಿಲಿಗೆ ಹಾಕಿ ಹೋಯಿತು. ಅದಾದ ಮೇಲೆ ಎಷ್ಟೋ ವರ್ಷ, ನಾನು ಯಾವ ಸಲಹೆ ಕೊಡಲು ಹೋದರೂ ಅಕ್ಕ ಸುಮ್ಮನೆ ನಾಲಿಗೆ ಚಾಚಿ ತೋರಿಸುತ್ತಿದ್ದಳು. ಬ್ಯಾಂಕಿನವರ ಎದುರಿಗೂ.

ಅಕ್ಕ ಯಜಮಾನಿಯಾದ ಕಥೆಯನ್ನೂ ಹೇಳಿಬಿಡುತ್ತೇನೆ. ಅಪ್ಪ ಕಾಯಿಲೆ ಬಿದ್ದು ಮನೆಯಲ್ಲಿದ್ದಾಗ ಕಾರ್ಖಾನೆಯ ಬೀಗದ ಕೈ ಗೊಂಚಲು ಅಕ್ಕನ ಸೊಂಟ ಸೇರಿತ್ತು. ಸದ್ಯಕ್ಕೆ ಅವಳು, ಮುಂದೆ ಮಗ ಅಂತ ಊರವರ ಲೆಕ್ಕಾಚಾರ. ಮಗ ಎಂದರೆ ನಾನು. ನನಗೋ ಗೋಡೌನಿನ ಹಿಂದೆ ಲಾರಿ ಡ್ರೈವರುಗಳ ಜೊತೆ ಹರಟೆ ಹೊಡೆಯುವ ಸುಖ ಬಿಟ್ಟು ಬೇರೇನೂ ಬೇಕಿರಲಿಲ್ಲ. ಅಪ್ಪ ಚೇತರಿಸಿಕೊಂಡು ಬಂದರು, ಕೈಚಾಚಿ ಗೊಂಚಲು ಕೇಳಿದರು. ಅಕ್ಕ, "ನಾಳೆ ಕೊಡ್ತೀನಿ" ಅಂದಳು. ಆ ನಾಳೆ ಇನ್ನೂ ಬಂದಿಲ್ಲ. ಅಪ್ಪ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಗೊಳ್ಳನೆ ನಕ್ಕರು. ತಮ್ಮ ಕೊರಳಲ್ಲಿ ದಾರಕ್ಕೆ ಕಟ್ಟಿಕೊಂಡಿದ್ದ ಹಿತ್ತಾಳೆ ಕೀಲಿಯನ್ನೂ ಬಿಚ್ಚಿ ಅವಳ ಕೊರಳಿಗೆ ಹಾಕಿ ಮನೆಗೆ ಹೋದರು. ಆ ಮೊದಲ ಕೋಳಿಗೆ ಕೊಟ್ಟ ಕೀಲಿ ಅದು. ನಮ್ಮಲ್ಲಿ ಪ್ರತಿ ಹೊಸ ಆಟಿಕೆಯ ಟೆಸ್ಟಿನ ಮೊದಲ ಸುತ್ತು ಅದರಿಂದಲೇ ಆಗಬೇಕು. ಅಕ್ಕನ ಮೊಂಡುತನ ಎಂಥದ್ದು ಅಂತ ಹೇಳಲು ನಾನು ಈ ಪ್ರಸಂಗವನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸಿದ್ದೇನೆ. ಅದರ ಅರ್ಥ ನನಗೆ ಆಗಿದ್ದು ಈಚೆಗೆ.

ಅವಳ ಆಡಳಿತವೂ ಅವಳ ಹಾಗೇ. ಕೊಳ್ಳಲು ಬಂದ ಡೀಲರುಗಳು ಮೊದಲು ಕೆಂಪು ಚಾಪೆಯ ಮೇಲೆ ಕೂತು, ತಾವೇ ಕೀಲಿ ಕೊಟ್ಟು ಆಟಿಕೆ ಆಡಿಸಬೇಕು. ರೇಟಿನ ಮಾತು ಆಮೇಲೆ. ಸೂಟು ಹಾಕಿಕೊಂಡವರು ಮಂಡಿಯೂರಿ ಕೋತಿಯ ಹಿಂದೆ ತೆವಳುವುದನ್ನು ನೋಡಲೆಂದೇ ನಾನು ಏನಾದರೂ ನೆಪ ಮಾಡಿಕೊಂಡು ಆ ಕಡೆ ಸುಳಿಯುತ್ತಿದ್ದೆ. ಕಾರ್ಖಾನೆಯಲ್ಲಿ ಯಾರಾದರೂ, "ಮಕ್ಕಳ ಆಟಿಕೆ ತಾನೆ, ನಡೆಯುತ್ತೆ ಬಿಡಿ" ಅಂದರೋ, ಅವರ ಗ್ರಹಚಾರ ಕೆಟ್ಟಿತು ಅಂತಲೇ ಅರ್ಥ. ಒಮ್ಮೆ ಲಾರಿ ಲೋಡಾಗಿ, ಹಗ್ಗ ಬಿಗಿದು, ಡ್ರೈವರು ಸೀಟಿಗೆ ಹತ್ತಿ ಕೂತಿದ್ದ. ಅಷ್ಟರಲ್ಲಿ ಒಂದು ಆನೆಯ ಕಿವಿಯ ಅಂಚು ಅವಳ ಬೆರಳಿಗೆ ತರಚಿತು. ಅಷ್ಟೂ ಸರಕು ಇಳಿಸಿ, ಒಂದೊಂದು ಕಿವಿಯನ್ನೂ ಮತ್ತೆ ಉಜ್ಜಿಸಿದಳು. ನಾನು ಅವತ್ತು ಅವಳನ್ನು ಬೈದಷ್ಟು ಯಾರನ್ನೂ ಬೈದಿಲ್ಲ. ಅವಳು ಕಿವಿಗೇ ಹಾಕಿಕೊಳ್ಳದೆ ನನ್ನ ಕೈಗೂ ಒಂದು ಉಜ್ಜುಕಾಗದ ಕೊಟ್ಟಳು.

ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಪುರುಸೊತ್ತು ಸಿಗಲಿಲ್ಲ" ಅನ್ನುತ್ತಾಳೆ. ನಮ್ಮ ಮನೆಯ ಮಹಡಿಯಲ್ಲೇ ಅವಳ ವಾಸ. ನನ್ನ ಒಬ್ಬಳೇ ಮಗಳು ಬೆಳೆದದ್ದು ಅವಳ ಮಡಿಲಲ್ಲಿ. ನಡೆಯಲು ಕಲಿತಿದ್ದೇ ನಮ್ಮ ತಗಡಿನ ಆನೆಯ ಹಿಂದೆ. ಓದು ಮುಗಿಸಿ ನೆಟ್ಟಗೆ ಕಾರ್ಖಾನೆಗೆ ಬಂದು ಸ್ಪ್ರಿಂಗು ವಿಭಾಗದಲ್ಲಿ ಕೂತಳು. ಕೆಲಸದಲ್ಲಿ ಎತ್ತಿದ ಕೈ. ಸ್ವಭಾವ ಮಾತ್ರ ಪರಮ ಸಾಧು. ಅತ್ತೆ ಕೂತುಕೋ ಅಂದರೆ ಕೂರುತ್ತಾಳೆ, ನಿಂತುಕೋ ಅಂದರೆ ನಿಲ್ಲುತ್ತಾಳೆ. ಎದುರು ಮಾತು ಅಂದರೇನು ಅಂತಲೇ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಇಂಥ ಮಗು ಹೇಗೆ ಹುಟ್ಟಿತು ಅಂತ ನನ್ನ ಹೆಂಡತಿಯನ್ನು ಕೇಳಿದರೆ, "ನನ್ನ ತವರಿನ ಕಡೆ ಹೋಗಿದೆ" ಅನ್ನುತ್ತಾಳೆ.

ಈಚೆಗೆ ಅಕ್ಕನ ಮಂಡಿ ಕೈಕೊಟ್ಟಿತು. ಕೆಂಪು ಚಾಪೆಯ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕಾಯಿತು. ಆಪರೇಷನ್ ಆಗಲೇಬೇಕು ಅಂದರು ಡಾಕ್ಟರು. ಹೋಗುವ ದಿನ ಅಕ್ಕ ಎಲ್ಲರೆದುರಿಗೆ ಬೀಗದ ಕೈ ಗೊಂಚಲು ಬಿಚ್ಚಿ ನನ್ನ ಮಗಳ ಕೈಗೆ ಕೊಟ್ಟಳು.

"ನಾನು ಬರೋವರೆಗೂ ನೀನೇ ನೋಡ್ಕೋ."

ಅವಳು ಎಷ್ಟು ಚೆನ್ನಾಗಿ ನೋಡಿಕೊಂಡಳು ಎಂದರೆ, ಅಪ್ಪ ಅನ್ನಿಸಿಕೊಂಡ ನಾನು ಬಾಯಿಬಿಟ್ಟು ಹೇಳಬಾರದು, ಆದರೂ ಹೇಳುತ್ತೇನೆ. ಪ್ರೆಸ್ಸಿನ ಮನೆಯ ಕಿಟಕಿಗಳನ್ನು ದೊಡ್ಡದು ಮಾಡಿಸಿದಳು. ಬಣ್ಣದವರ ಮೇಜುಗಳನ್ನು ಬೆಳಕಿನ ಕಡೆ ತಿರುಗಿಸಿದಳು. ಮುಖ್ಯವಾಗಿ ತಾನೇ ಕೂತು ಒಂದು ಆಮೆ ಮಾಡಿದಳು. ಕೀಲಿ ಕೊಟ್ಟರೆ ಆ ಆಮೆ ನಾಲ್ಕು ಹೆಜ್ಜೆ ನಡೆದು ನಿಂತುಬಿಡುತ್ತದೆ. ತಲೆ ಒಳಗೆ ಎಳೆದುಕೊಳ್ಳುತ್ತದೆ. ಸ್ಪ್ರಿಂಗು ಮುಗಿಯಿತು ಅಂತ ನಾವು ಅಂದುಕೊಳ್ಳುತ್ತಿರುವಾಗಲೇ ಮೆಲ್ಲಗೆ ತಲೆ ಹೊರಗೆ ಹಾಕಿ ಮತ್ತೆ ಹೊರಡುತ್ತದೆ. ಮೊದಲ ಸಲ ನೋಡಿದಾಗ ನಾನು ಅದು ಕೆಟ್ಟಿದೆ ಅಂತ ಎತ್ತಿಕೊಳ್ಳಲು ಹೋಗಿ, ಅದು ಕೈಯಲ್ಲೇ ಕಾಲಾಡಿಸಿದ್ದಕ್ಕೆ ಬೆಚ್ಚಿಬಿದ್ದಿದ್ದೆ. ಆದರೆ ಟೆಸ್ಟ್ ಆಗಿರಲಿಲ್ಲ. ಹಿತ್ತಾಳೆ ಕೀಲಿ ಅಕ್ಕನ ಕೊರಳಲ್ಲೇ ಇತ್ತು, "ಈಗ ಕೊಡು" ಅನ್ನುವ ಅಧಿಕಾರವೂ ಅವಳದೇ.

ಅಕ್ಕ ಕೋಲು ಊರಿಕೊಂಡು ವಾಪಸ್ ಬಂದ ದಿನ ಕಾರ್ಖಾನೆಯವರೆಲ್ಲ ಬಾಗಿಲಲ್ಲಿ ಸೇರಿದ್ದರು. ಅಕ್ಕ ಒಳಗೆ ಬಂದು ಸುತ್ತ ಒಮ್ಮೆ ನೋಡಿ, ಮಗಳ ಎದುರು ನಿಂತು ಕೈಚಾಚಿದಳು.

"ಸಾಕು, ಈಗ ಕೊಡು."

ಮಗಳು ತಕ್ಷಣ ಗೊಂಚಲು ತೆಗೆದಳು. ಒಂದೊಂದು ಬೀಗದ ಕೈಯನ್ನೂ ತಿಕ್ಕಿ ಫಳಫಳ ಹೊಳೆಯಿಸಿದ್ದಳು. ಎರಡೂ ಕೈಯಲ್ಲಿ ಹಿಡಿದು, "ತಗೊಳ್ಳಿ ಅತ್ತೆ. ಎಲ್ಲಾ ಸರಿಯಾಗಿದೆ" ಅಂತ ಕೊಟ್ಟುಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆ. ಎಂಥ ವಿನಯ, ಎಂಥ ಸಂಸ್ಕಾರ ಅಂತ ಪಕ್ಕದವನಿಗೆ ಹೇಳಿದೆ ಕೂಡ. ಅಕ್ಕನ ಮುಖ ಯಾಕೋ ಇಳಿದುಹೋಯಿತು. ಮಂಡಿ ನೋಯುತ್ತಿರಬೇಕು ಅಂದುಕೊಂಡೆ.

ಮಾರನೆಯ ದಿನ ನನ್ನನ್ನು ಗೋಡೌನಿನಿಂದ ಕರೆಸಿದಳು. ಪ್ಲಾಸ್ಟಿಕ್ ಆಟಿಕೆ ಮಾಡುವ ದೊಡ್ಡ ಕಂಪನಿಯೊಂದು ನಮ್ಮ ಕಾರ್ಖಾನೆ ಕೊಳ್ಳುತ್ತೇವೆ ಅಂತ ಹಿಂದೆ ಬಿದ್ದು ಬಹಳ ಕಾಲವಾಗಿತ್ತು. ಅಕ್ಕ ಅವರನ್ನು ಬಾಗಿಲಿನಿಂದಲೇ ಸಾಗಹಾಕುತ್ತಿದ್ದಳು.

"ಅವರನ್ನ ಬರಕ್ಕೆ ಹೇಳಿದೀನಿ," ಅಂದಳು. "ಮಾರಿಬಿಡೋಣ."

"ನಿಂಗೇನಾದ್ರೂ ತಲೆ ಕೆಟ್ಟಿದೆಯಾ ಅಕ್ಕ? ಮಗು ಇಲ್ವಾ? ನೀನೇ ನೋಡಿದೆಯಲ್ಲ, ಹೇಗೆ ನಡೆಸಿದಾಳೆ ಅಂತ."

"ನಡೆಸೋದು ಬರುತ್ತೆ ಕಣೋ. ನನಗಿಂತ ಚೆನ್ನಾಗೇ ಬರುತ್ತೆ. ಆದ್ರೆ ಅವಳಿಗೆ ಬೇಡ."

"ಬೇಡ ಅಂತ ಅವಳು ಹೇಳಿದ್ಲಾ?"

"ಕೈಚಾಚಿದೆ, ಕೊಟ್ಟುಬಿಟ್ಲಲ್ಲೋ." ಅಕ್ಕ ಸೊಂಟದ ಗೊಂಚಲನ್ನು ಮುಟ್ಟಿ ನೋಡಿಕೊಂಡಳು. "ಅಪ್ಪ ಕೇಳಿದಾಗ ನಾನು ಕೊಟ್ಟೆನಾ?"

ಆಗ ನನ್ನ ಮಂಡೆಗೆ ಹೊಳೆಯಿತು. ಜೀವಮಾನವೆಲ್ಲ ಆ ಕೋಣೆಯ ಕಿಟಕಿಯಲ್ಲಿ ಇಣುಕಿ ನೋಡಿದವನು ನಾನು. ಅಕ್ಕ ಕೈಚಾಚಿ, ಅದೇ ದನಿಯಲ್ಲಿ, ಅದೇ ಮಾತು ಅಂದಿದ್ದಳು. ನನಗೂ ತಿಳಿಯಲಿಲ್ಲ, ಮಗಳಿಗೂ ತಿಳಿಯಲಿಲ್ಲ. ಅಪ್ಪ ಅವತ್ತು ಯಾಕೆ ನಕ್ಕರು ಅನ್ನುವುದೂ ಈಗ ಅರ್ಥವಾಯಿತು.

"ಅಯ್ಯೋ, ಅವಳೇನು ಎರಡು ವರ್ಷದ ಮಗುವಾ?" ಅಂದೆ. "ದೊಡ್ಡೋರು ಕೇಳಿದ್ರೆ ಕೊಡಬೇಕು ಅಂತ ನಾವೇ ಅಲ್ವಾ ಕಲಿಸಿದ್ದು? ಮರ್ಯಾದೆಗೆ ಕೊಟ್ಟಿದಾಳೆ. ಇರು, ಈಗ್ಲೇ ಹೋಗಿ ಹೇಳ್ತೀನಿ, ಇನ್ನೊಂದ್ಸಲ ಕೇಳಿದ್ರೆ ಕೊಡಬೇಡ ಅಂತ."

ಅಕ್ಕ ಕೋಲನ್ನು ನನ್ನ ಎದೆಗೆ ಅಡ್ಡ ಹಿಡಿದಳು.

"ಹೇಳಿಕೊಟ್ರೆ ಟೆಸ್ಟ್ ಕೆಡುತ್ತೆ. ಅಪ್ಪ ಅಮ್ಮ ಎಲ್ಲಿ ಕೂರಬೇಕು ಅಂತ ಗೊತ್ತಲ್ಲ ನಿಂಗೆ?" ಆಮೇಲೆ ಮೆತ್ತಗೆ ಹೇಳಿದಳು, "ನೋಡೋ, ನಾವು ಹೇಳಿದೀವಿ ಅಂತ ಅವಳು ಈ ಕುರ್ಚಿ ಮೇಲೆ ಕೂತ್ರೆ, ಒಂದಿನ ನಮ್ಮಿಬ್ರನ್ನೂ ಶಪಿಸ್ತಾಳೆ. ಮಗು ಜೀವನ ಹಾಳಾಗೋದು ಬೇಡ. ಅವಳಿಗೆ ಬೇಕು ಅನ್ನಿಸಿದ್ರೆ ಅವಳೇ ಹಿಡ್ಕೋಬೇಕು. ಇಲ್ಲಾಂದ್ರೆ ಮಾರೋದೇ ಸರಿ."

ಆ ದಿನದಿಂದ ನಾನು ಪಟ್ಟ ಪಾಡು ನನಗೊಬ್ಬನಿಗೇ ಗೊತ್ತು. ಕಾರ್ಖಾನೆ ಮಾರುತ್ತಾರಂತೆ ಅಂತ ತಿಳಿದ ಮೇಲೆ ಮಗಳು ಊಟದ ತಟ್ಟೆಯ ಮುಂದೆ ಸುಮ್ಮನೆ ಬೆರಳಾಡಿಸುತ್ತ ಕೂರುತ್ತಿದ್ದಳು. ಕಣ್ಣು ಕೆಂಪಗಾಗಿರುತ್ತಿತ್ತು. "ಅತ್ತೆಗೆ ಸುಸ್ತಾಗಿರುತ್ತೆ, ಅವರಿಷ್ಟ" ಅನ್ನುವಳು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಅನ್ನದ ಜೊತೆ ನುಂಗುತ್ತಿದ್ದೆ.

"ಏನ್ರೀ ಹಾಗೆ ಕೆನ್ನೆ ಊದಿಸ್ಕೊಂಡು ಕೂತಿದೀರಾ, ಹಲ್ಲುನೋವಾ?" ಅಂದಳು ಹೆಂಡತಿ.

"ಹೂಂ" ಅಂದೆ. ಸುಮ್ಮನೆ ಬಿಟ್ಟಳಾ? ಲವಂಗದ ಎಣ್ಣೆ ತಂದು ಬಾಯೊಳಗೆ ಹಚ್ಚಿದಳು. ಬಾಯೆಲ್ಲ ಜೋಮು ಹಿಡಿದದ್ದೇ ಒಂದು ರೀತಿ ಒಳ್ಳೆಯದಾಯಿತು, ಮಾತು ಆಡೋಣ ಅಂದರೂ ಹೊರಡುತ್ತಿರಲಿಲ್ಲ.

ದೊಡ್ಡ ಕಂಪನಿಯ ಮನುಷ್ಯ ಬಂದ. ಕೆಟ್ಟವನೇನಲ್ಲ, ನಯವಾದ ಮಾತು, ಶುಭ್ರವಾದ ಷರಟು. ಅಕ್ಕನ ಮಂಡಿಗೆ ಮೆಟ್ಟಿಲು ಹತ್ತುವ ಶಕ್ತಿ ಇನ್ನೂ ಬಂದಿರಲಿಲ್ಲ. ಗೊಂಚಲನ್ನು ಮಗಳ ಕೈಗೆ ಕೊಟ್ಟು, "ಹೋಗು, ಎಲ್ಲಾ ತೋರಿಸ್ಕೊಂಡು ಬಾ" ಅಂದಳು. ನಾನೂ ಹಿಂದೆ ಹೋದೆ. ಮಗಳು ಒಂದೊಂದೇ ಬಾಗಿಲು ತೆಗೆದು ತೋರಿಸಿದಳು. ಆತ ಪ್ರೆಸ್ಸುಗಳನ್ನು ನೋಡಿ, "ಇವು ಗುಜರಿಗೆ ಹೋಗ್ತವೆ" ಅಂದ. ಮಹಡಿಯ ಮೇಲೆ ನಮ್ಮ ಬಣ್ಣದ ವಿಭಾಗದ ಹಿರಿಯಾಕೆ ಉಸಿರು ಬಿಗಿಹಿಡಿದು ಕೋಳಿಯ ಕಣ್ಣು ಬರೆಯುತ್ತಿದ್ದರು. "ಇದಕ್ಕೆ ಸ್ಟಿಕರ್ ಸಾಕಲ್ವಾ?" ಅಂದ. ಮಗಳು ಬೀಗ ಹಾಕುವಾಗ ಪ್ರತಿ ಬಾಗಿಲನ್ನೂ ಎರಡೆರಡು ಸಲ ಎಳೆದು ನೋಡುತ್ತಿದ್ದಳು.

ಮಾತುಕತೆ ಆಟದ ಕೋಣೆಯಲ್ಲಿ. ಅಕ್ಕ ಕುರ್ಚಿಯ ಮೇಲೆ, ಆತ ಕೆಂಪು ಚಾಪೆಯ ಮೇಲೆ ಪ್ಯಾಂಟಿನ ಮಡಿಕೆ ಕೆಡದ ಹಾಗೆ ಒಂದು ಪಕ್ಕಕ್ಕೆ, ಮಗಳು ಎದುರಿಗೆ. ನಾನು ಒಳಗೆ ಕಾಲಿಡುವ ಮೊದಲೇ ಅಕ್ಕ ಕೋಲಿನ ತುದಿಯಿಂದ ಹೊರಗಿನ ಬೆಂಚು ತೋರಿಸಿದಳು. ಬಾಯಿಬೀಗದ ಬೆಂಚು. ಹೋಗಿ ಕೂತೆ. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳುತ್ತಿತ್ತು. ಹಗ್ಗ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಅಪ್ಪನ ಗಂಟೆ.

ಅಕ್ಕ ಆತನ ಮುಂದೆ ಆಮೆಯನ್ನು ಇಟ್ಟಳು. "ಇದು ನಮ್ಮ ಹೊಸಾದು. ಮೊದಲು ಆಡಿ, ಆಮೇಲೆ ಮಾತು."

ಆತ ನಗುತ್ತ ಕೀಲಿ ಕೊಟ್ಟ. ಆಮೆ ನಡೆಯಿತು, ನಿಂತಿತು, ತಲೆ ಒಳಗೆಳೆದುಕೊಂಡಿತು. "ಚೆನ್ನಾಗಿದೆ" ಅಂದವನೇ ಆಮೆಯನ್ನು ಅಕ್ಕನ ಕಡೆ ಸರಿಸಿ, "ಸರಿ, ಈಗ ವಿಷಯಕ್ಕೆ ಬರೋಣ" ಅಂದ. ಅವನು ವಿಷಯಕ್ಕೆ ಬರುತ್ತಿರುವಾಗ ಆಮೆ ತಲೆ ಹೊರಗೆ ಹಾಕಿ, ಅವನ ಮಂಡಿಯ ಪಕ್ಕದಿಂದ ಸದ್ದಿಲ್ಲದೆ ಹೊರಟುಹೋಯಿತು. ಅವನು ನೋಡಲೇ ಇಲ್ಲ. ಮಗಳು ನೋಡಿದಳು. ಮೆಲ್ಲಗೆ ಮುಂದಕ್ಕೆ ಬಾಗಿ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಅಕ್ಕ ಅವಳ ಕಡೆ ತಿರುಗಿ ಕೈಚಾಚಿದಳು.

"ಸಾಕು, ಈಗ ಕೊಡು."

ಗೊಂಚಲು ಮಗಳ ಬಲಗೈಯಲ್ಲಿತ್ತು. ಕೈ ಅರ್ಧದವರೆಗೆ ಮುಂದೆ ಬಂತು. ಬೆಂಚಿನ ಮೇಲೆ ಕೂತ ನನಗೆ ಕೆಮ್ಮಿಬಿಡಲೇ ಅನ್ನಿಸಿ, ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಈ ವಯಸ್ಸಿನಲ್ಲಿ.

ಕೈ ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ಹೋಯಿತು. ಇನ್ನೂ ಹಿಂದಕ್ಕೆ, ಬೆನ್ನ ಹಿಂದಕ್ಕೆ. ಗಾಜಿನ ಕಿಟಕಿಯಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು, ಬೆನ್ನ ಹಿಂದೆ ಗೊಂಚಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ ಮುಷ್ಟಿ ಕಾಣುತ್ತಿತ್ತು.

"ಕೊಡಲ್ಲ ಅತ್ತೆ."

"ಏನು?"

"ಕೊಡಲ್ಲ." ಮಾತು ಅಲ್ಲಿಗೇ ನಿಲ್ಲಲಿಲ್ಲ. "ಅವತ್ತು ನೀವು ಕೇಳಿದ್ರಿ ಅಂತ ಕೊಟ್ಟೆ. ನನಗೆ ಬೇಡ ಅಂತಲ್ಲ. ಕೊಟ್ಟ ಮೇಲೆ ಎಷ್ಟು ಅತ್ತಿದೀನಿ ಗೊತ್ತಾ ನಿಮಗೆ? ಕೋಳಿ ಕಣ್ಣಿಗೆ ಸ್ಟಿಕರ್ ಅಂಟಿಸ್ತಾರಂತೆ. ಇವರು ಆಮೆ ಪೂರ್ತಿ ನಡೆಯೋವರೆಗೂ ಕಾಯಲಿಲ್ಲ. ನನಗೆ ಬೇಕು ಅತ್ತೆ, ಇದೆಲ್ಲಾ ನನಗೆ ಬೇಕು. ನೀವು ಬೈದ್ರೂ ಸರಿ, ಕೊಡಲ್ಲ."

ಇಷ್ಟು ಹೇಳಿ, ಅಷ್ಟು ದೊಡ್ಡ ಹುಡುಗಿ, ಆಮೆಯನ್ನು ಎದೆಗೆ ಅವಚಿಕೊಂಡು ಗೋಡೆಯ ಕಡೆ ತಿರುಗಿ ಕೂತುಬಿಟ್ಟಳು.

ಅಕ್ಕ ಬಾಗಿಲಿನಾಚೆಗೆ ನನ್ನನ್ನು ನೋಡಿದಳು. ಆ ಪರೀಕ್ಷೆ ಹಾಲಿನ ಮುಖ ಎಲ್ಲಿ ಹೋಗಿತ್ತೋ. ಕಣ್ಣಲ್ಲಿ ನೀರು, ಬಾಯಿ ಕಿವಿಯವರೆಗೆ. ಅವಳು ಹೇಳುವುದಕ್ಕೆ ಕಾಯಲಿಲ್ಲ ನಾನು, ಹಗ್ಗ ಹಿಡಿದು ಢಣ್ ಅಂತ ಬಾರಿಸಿದೆ. ಮೇಲಿನಿಂದ, ಕೆಳಗಿನಿಂದ, ಗೋಡೌನಿನಿಂದ 'ಹೋ' ಅಂತ ಕೂಗು ಎದ್ದಿತು. ದೊಡ್ಡ ಕಂಪನಿಯವನು ಎಲ್ಲೋ ಬೆಂಕಿ ಬಿದ್ದಿದೆ ಅಂತ ಎದ್ದು ನಿಂತ.

ಬಣ್ಣದ ವಿಭಾಗದ ಹಿರಿಯಾಕೆ ಕುಂಚ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದರು. "ಮಗು ಎಲ್ಲಿ? ಯಾವ ಆಟಿಕೆ ಪಾಸಾಯ್ತು ಅಕ್ಕಾ?"

"ಕಾರ್ಖಾನೆ," ಅಂದಳು ಅಕ್ಕ.

ಆತನಿಗೆ ಕಥೆಯೆಲ್ಲ ಬಿಡಿಸಿ ಹೇಳಿ, ಕಾಫಿ ಕುಡಿಸಿ ಕಳಿಸಿದೆವು. ಬೇಸರ ಮಾಡಿಕೊಳ್ಳಲಿಲ್ಲ, ಪುಣ್ಯಾತ್ಮ. ಹೊರಡುವಾಗ, "ಆ ಆಮೆ ನಿಜವಾಗ್ಲೂ ಮತ್ತೆ ಹೊರಡುತ್ತಾ?" ಅಂತ ಕೇಳಿ, ಚಾಪೆಯ ಮೇಲೆ ಬೋರಲು ಬಿದ್ದು ಪೂರ್ತಿ ನೋಡಿದ. ತನ್ನ ಮಗನಿಗೆ ಒಂದು ಬೇಕು ಅಂದ. "ಇನ್ನೂ ಟೆಸ್ಟ್ ಆಗಿಲ್ಲ," ಅಂದಳು ನನ್ನ ಮಗಳು. "ಮಗನ್ನೇ ಕರ್ಕೊಂಡು ಬನ್ನಿ. ನೀವು ಮಾತ್ರ ಆ ಬೆಂಚಿನ ಮೇಲೆ ಕೂರಬೇಕು."

ಅವನು ಹೋದ ಮೇಲೆ ಕೋಣೆಯಲ್ಲಿ ನಾವು ಮೂವರೇ. ಅಕ್ಕ ನಿಧಾನವಾಗಿ ಕೊರಳಿನ ದಾರ ತೆಗೆದಳು. ಹಿತ್ತಾಳೆ ಕೀಲಿ ಅವಳ ಅಂಗೈಯಲ್ಲಿ ಸವೆದು ನುಣುಪಾಗಿತ್ತು.

"ತಗೋ. ಆಮೆಯ ಟೆಸ್ಟಿಗೆ ಇದರಲ್ಲಿ ಮೊದಲ ಸುತ್ತು ನೀನೇ ಕೊಡು. ಇನ್ಮೇಲೆ ಎಲ್ಲದಕ್ಕೂ ನೀನೇ."

ಮಗಳು ಕೈಚಾಚಿ ಕೀಲಿಯ ಇನ್ನೊಂದು ತುದಿ ಹಿಡಿದಳು. ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು.

"ಬಿಡಿ ಅತ್ತೆ."

"ಬಿಡ್ತೀನಿ ಇರೇ, ಏನವಸರ."

"ನೀವೇ ಕೊಟ್ಟಿದ್ದಲ್ವಾ?"

"ಕೊಟ್ಟೆ, ಯಾರಿಲ್ಲ ಅಂದ್ರು?"

ಅಕ್ಕನ ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿದ್ದವು. ಆಗಲೇ ನನಗೆ ಅರಿವಾಗಿದ್ದು. ಮಗಳಿಗೆ ಬೇಕೋ ಬೇಡವೋ ಅಂತ ಇಷ್ಟು ದಿನ ನಾವೆಲ್ಲ ತಲೆ ಕೆಡಿಸಿಕೊಂಡೆವು. ಕೊಡಬೇಕಾದವಳ ಗತಿ ಏನು ಅಂತ ಒಬ್ಬರೂ ಕೇಳಿರಲಿಲ್ಲ. ಲೆಕ್ಕದ ಪುಸ್ತಕ ಮಡಿಸಿಟ್ಟು ಎದ್ದು ಬಂದ ಆ ಪುಟ್ಟ ಹುಡುಗಿ, ಅಂದಿನಿಂದ ಊರ ಮಕ್ಕಳ ಕೈಯಿಂದೆಲ್ಲ ವಾಪಸ್ ಕೇಳುತ್ತಲೇ ಬಂದವಳು. ಅವಳ ಕೈಯಿಂದ, ಅಪ್ಪ ಒಂದು ಸಲ ಕೇಳಿದ್ದು ಬಿಟ್ಟರೆ, ಈವರೆಗೆ ಯಾರೂ ಕೇಳಿರಲಿಲ್ಲ. ನನಗೆ ಅಕ್ಕನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು. ಅದನ್ನು ಬಾಯಲ್ಲಿ ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ.

ಹೊರಗೆ ಬಂದು ಇನ್ನೊಮ್ಮೆ ಗಂಟೆ ಬಾರಿಸಿದೆ. ಮತ್ತೆ 'ಹೋ' ಅಂದರು ಎಲ್ಲರೂ, ಯಾಕೆ ಅಂತ ಗೊತ್ತಿಲ್ಲದೆಯೇ.

"ಲೋ, ಈಗ್ಯಾಕೋ ಹೊಡೆದೆ?" ಅಂತ ಅಕ್ಕ ಒಳಗಿನಿಂದ ಕೆಂಗಣ್ಣು ಬಿಟ್ಟಳು. ಕೀಲಿಯನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.